ಟೂರ್ನಿ ಮುಗಿಯಿತು, ಕೋಚ್ ಹೊರಟರು: ಮುಂದಿನ ಹೆಸರು ಯಾರ ಬಳಿ ಇದೆ?

2022ರ ಡಿಸೆಂಬರ್ 6, ಫುಟ್‌ಬಾಲ್ ವಿಶ್ವಕಪ್, ಕತಾರ್‌ನ ಎಜುಕೇಷನ್ ಸಿಟಿ ಕ್ರೀಡಾಂಗಣ. ಸ್ಪೇನ್ ಮತ್ತು ಮೊರಾಕೊ 120 ನಿಮಿಷ ಆಡಿದರೂ ಗೋಲು ಬರಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಸ್ಪೇನ್ ಪರ ಒದ್ದವರು ಮೂವರು, ತಪ್ಪಿದವರೂ ಮೂವರು. ಪಾಬ್ಲೊ ಸರಾಬಿಯಾ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಕಾರ್ಲೋಸ್ ಸೊಲೆರ್ ಮತ್ತು ಸೆರ್ಜಿಯೊ ಬುಸ್ಕೆಟ್ಸ್ ಒದ್ದದ್ದನ್ನು ಗೋಲ್‌ಕೀಪರ್ ಯಾಸಿನ್ ಬೂನು ತಡೆದರು. ವಿಶ್ವಕಪ್‌ಗೆ ಬರುವ ಮೊದಲು ನಿಮ್ಮ ನಿಮ್ಮ ಕ್ಲಬ್‌ಗಳಲ್ಲೇ ಕನಿಷ್ಠ ಸಾವಿರ ಪೆನಾಲ್ಟಿ ಒದ್ದು ಕೈಕಾಲು ಪಳಗಿಸಿಕೊಳ್ಳಿ ಎಂದು ಆಟಗಾರರಿಗೆ ವರ್ಷದ ಹಿಂದೆಯೇ ಹೇಳಿದ್ದೆ ಅಂತ ಕೋಚ್ ಲೂಯಿಸ್ ಎನ್ರಿಕೆ ಹಿಂದಿನ ದಿನವಷ್ಟೇ ಪತ್ರಕರ್ತರಿಗೆ ತಿಳಿಸಿದ್ದರು.

ಮೂರು ದಿನ ಬಿಟ್ಟು ಅದೇ ಮೈದಾನಕ್ಕೆ ಬ್ರೆಜಿಲ್ ಇಳಿಯಿತು. ಹೆಚ್ಚುವರಿ ಸಮಯದಲ್ಲಿ ನೇಮಾರ್ ಗೋಲು ಹೊಡೆದರು. ಸೆಮಿಫೈನಲ್ ಕೈಗೆ ಬಂದೇ ಬಿಟ್ಟಿತ್ತು. 117ನೇ ನಿಮಿಷದಲ್ಲಿ ಕ್ರೊವೇಷ್ಯಾದ ಬ್ರೂನೊ ಪೆಟ್ಕೊವಿಚ್ ಒದ್ದ ಚೆಂಡು ಮಾರ್ಕಿನ್ಯೋಸ್ ಮೈಗೆ ತಗುಲಿ ದಿಕ್ಕು ತಪ್ಪಿ ಬಲೆ ಸೇರಿತು. ಶೂಟೌಟ್‌ನಲ್ಲಿ ರೊಡ್ರಿಗೊ ವಿಫಲರಾದರು, ಅದೇ ಮಾರ್ಕಿನ್ಯೋಸ್ ಕಂಬಕ್ಕೆ ಒದ್ದರು. ಐದನೆಯವರಾಗಿ ಬರಬೇಕಿದ್ದ ನೇಮಾರ್‌ಗೆ ಸರದಿಯೇ ಸಿಗಲಿಲ್ಲ.

ಎರಡೂ ತಂಡಗಳ ಕೋಚ್‌ಗಳು ಕುರ್ಚಿ ಬಿಟ್ಟರು. ಅಲ್ಲಿಂದ ಮುಂದೆ ಎರಡು ದೇಶಗಳ ದಾರಿ ಕವಲೊಡೆಯಿತು. ಸ್ಪೇನ್ ಎರಡೇ ದಿನದಲ್ಲಿ ಹೊಸ ಕೋಚ್ ಹೆಸರು ಹೇಳಿ, ಹತ್ತೊಂಬತ್ತು ತಿಂಗಳಲ್ಲಿ ಯುರೋಪಿಯನ್ ಚಾಂಪಿಯನ್ ಆಯಿತು. ಬ್ರೆಜಿಲ್ ತಾನು ಬಯಸಿದ ಕೋಚ್‌ನನ್ನು ಕರೆತರಲು 2025ರ ಮೇ ತನಕ ಕಾಯಿತು. ನಡುವೆ ಮೂವರು ಬಂದು ಹೋದರು. ಪ್ರತಿ ದೊಡ್ಡ ಟೂರ್ನಿಯ ಬೆನ್ನಿಗೇ ನಡೆಯುವ ಈ ಕೋಚ್ ಬದಲಾವಣೆಯ ಸುಗ್ಗಿಯನ್ನು ಅರ್ಥಮಾಡಿಕೊಳ್ಳಲು ಈ ಜೋಡಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಮೊದಲು, ಇದು ಯಾಕೆ ನಡೆಯುತ್ತದೆ ಎನ್ನುವುದನ್ನು ನೋಡೋಣ. ಕ್ಲಬ್ ತಂಡ ಸೋತರೆ ಮಾಲೀಕರ ಮುಂದೆ ಹಲವು ದಾರಿಗಳಿರುತ್ತವೆ. ರಕ್ಷಣೆ ದುರ್ಬಲವಾಗಿದ್ದರೆ ಜನವರಿಯಲ್ಲಿ ಹೊಸ ಡಿಫೆಂಡರ್‌ನನ್ನು ಕೊಳ್ಳಬಹುದು, ಬೇಡವಾದವರನ್ನು ಮಾರಬಹುದು. ದೇಶದ ತಂಡಕ್ಕೆ ಆ ಸಂತೆ ಇಲ್ಲ. ಒಂದು ಪೀಳಿಗೆಯಲ್ಲಿ ಒಳ್ಳೆಯ ಲೆಫ್ಟ್ ಬ್ಯಾಕ್ (ಎಡಬದಿಯ ರಕ್ಷಕ) ಹುಟ್ಟಿಲ್ಲ ಎಂದರೆ ಮುಂದಿನ ಪೀಳಿಗೆಗೆ ಕಾಯುವುದೇ ಗತಿ. ಆಟಗಾರರನ್ನು ಬದಲಿಸಲಾಗದು, ದೇಶದ ಫುಟ್‌ಬಾಲ್ ಒಕ್ಕೂಟದ ಪದಾಧಿಕಾರಿಗಳು ತಾವೇ ಹೋಗಲಾರರು. ಸೋಲಿಗೆ ಯಾರದಾದರೂ ತಲೆದಂಡ ಆಗಲೇಬೇಕು ಎಂದು ಊರು ಕೂಗುವಾಗ ಬದಲಿಸಬಹುದಾದ ಕುರ್ಚಿ ಒಂದೇ ಉಳಿದಿರುತ್ತದೆ.

ಜೊತೆಗೆ ಕ್ಯಾಲೆಂಡರ್. ಬಹುತೇಕ ಒಪ್ಪಂದಗಳನ್ನು ಬರೆಯುವುದೇ ಟೂರ್ನಿಯ ಕೊನೆಯ ದಿನವನ್ನು ನೋಡಿಕೊಂಡು. ಹಾಗಾಗಿ 'ವಜಾ' ಎಂದು ಸುದ್ದಿಯಾಗುವ ಎಷ್ಟೋ ನಿರ್ಗಮನಗಳು ನಿಜಕ್ಕೆ ಅವಧಿ ಮುಗಿದು ನವೀಕರಣವಾಗದ ಒಪ್ಪಂದಗಳು. 2022ರಲ್ಲಿ ಡಚ್ ತಂಡದ ಲೂಯಿಸ್ ವಾನ್ ಗಾಲ್, ಬ್ರೆಜಿಲ್‌ನ ಟಿಟೆ ಇಬ್ಬರೂ ಮೊದಲೇ ತೀರ್ಮಾನವಾದಂತೆ ಹೋದವರು. ಫ್ರಾನ್ಸ್‌ನ ಡಿಡಿಯೆ ಡೆಶಾಂ ಕೂಡ 2026ರ ವಿಶ್ವಕಪ್ ಬಳಿಕ ಇರುವುದಿಲ್ಲ ಎಂದು 2025ರ ಜನವರಿಯಲ್ಲೇ ಹೇಳಿಬಿಟ್ಟರು.

ಇನ್ನೊಂದು ಸಂಗತಿಯನ್ನು ಅಭಿಮಾನಿಗಳು ಮರೆಯುತ್ತಾರೆ. ದೇಶದ ಕೋಚ್‌ಗೆ ಆಟಗಾರರು ಸಿಗುವುದೇ ಕಡಿಮೆ. ವರ್ಷಕ್ಕೆ ನಾಲ್ಕೈದು ಸಲ, ಪ್ರತಿ ಸಲ ಹತ್ತು ದಿನಕ್ಕೂ ಕಡಿಮೆ, ಅದರಲ್ಲೇ ಎರಡು ಪಂದ್ಯ, ಒಂದು ಪ್ರಯಾಣ. ಗರೆತ್ ಸೌತ್‌ಗೇಟ್ ಇಂಗ್ಲೆಂಡ್ ತಂಡದ ಜೊತೆ ಎಂಟು ವರ್ಷ ಇದ್ದು 102 ಪಂದ್ಯ ಆಡಿಸಿದರು. ಯುರೋಪಿನ ದೊಡ್ಡ ಕ್ಲಬ್ಬೊಂದರ ಕೋಚ್ ಅಷ್ಟು ಪಂದ್ಯಗಳನ್ನು ಎರಡು ಋತುಗಳಲ್ಲಿ ಮುಗಿಸುತ್ತಾರೆ. ಇಷ್ಟು ಕಡಿಮೆ ಸಮಯದಲ್ಲಿ ಯಾವ ಹೊಸ ಕೋಚ್ ಬಂದರೂ ಆಟದ ವ್ಯಾಕರಣವನ್ನೇ ಬದಲಿಸಲಾರ. ಹೆಚ್ಚೆಂದರೆ ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು, ಗುಂಪನ್ನು ಹೇಗೆ ಒಂದಾಗಿ ಹಿಡಿದಿಡಬೇಕು ಎಂಬಷ್ಟನ್ನು ಸರಿ ಮಾಡಬಹುದು. ಆಟಗಾರರನ್ನು ಮೊದಲೇ ಬಲ್ಲವರಿಗೆ ಇದು ಸುಲಭ, ಹೊಸದಾಗಿ ಪರಿಚಯ ಮಾಡಿಕೊಳ್ಳುವವರಿಗೆ ಕಷ್ಟ.

ಬೆಳ್ಳಿ ಗೆದ್ದವರು ಮತ್ತು ಚಿನ್ನ ಗೆದ್ದವರು

ಸ್ಪೇನ್ ಆರಿಸಿದ ಲೂಯಿಸ್ ಡೆ ಲಾ ಫುಯೆಂಟೆ ಹೆಸರು ಕೇಳಿ ಅಲ್ಲಿನವರೇ ಮೂಗು ಮುರಿದಿದ್ದರು. ದೊಡ್ಡ ಕ್ಲಬ್ ನಡೆಸಿದ ಅನುಭವವಿಲ್ಲ, ಪತ್ರಿಕೆಗಳ ಮುಖಪುಟಕ್ಕೆ ಬಂದವರಲ್ಲ. 2013ರಿಂದ ಸ್ಪೇನ್ ಒಕ್ಕೂಟದ ಕಿರಿಯರ ತಂಡಗಳನ್ನು ನೋಡಿಕೊಂಡು ಬಂದವರು, ಅಷ್ಟೆ. ಆದರೆ ಆ 'ಅಷ್ಟೆ' ಎಂಬುದರ ಒಳಗೆ ಏನಿತ್ತು ಎಂದು ಬಿಡಿಸಿ ನೋಡಬೇಕು. 2015ರಲ್ಲಿ ಅವರು 19 ವರ್ಷದೊಳಗಿನವರ ಯುರೋ (ಯುರೋಪಿನ ದೇಶಗಳ ಚಾಂಪಿಯನ್‌ಷಿಪ್) ಗೆದ್ದಾಗ ತಂಡದಲ್ಲಿ ರೊಡ್ರಿ, ಮಿಕೆಲ್ ಮೆರಿನೊ, ಗೋಲ್‌ಕೀಪರ್ ಉನಾಯ್ ಸಿಮೊನ್ ಇದ್ದರು. 2019ರಲ್ಲಿ 21 ವರ್ಷದೊಳಗಿನವರ ಯುರೋ ಗೆದ್ದಾಗ ಫಾಬಿಯಾನ್ ರೂಯಿಸ್, ಡಾನಿ ಓಲ್ಮೊ, ಮಿಕೆಲ್ ಒಯಾರ್ಸಾಬಾಲ್ ಇದ್ದರು. ಟೋಕಿಯೊ ಒಲಿಂಪಿಕ್ಸ್‌ಗೆ ಪೆಡ್ರಿ, ಮಾರ್ಕ್ ಕುಕುರೆಯಾ, ಮಾರ್ಟಿನ್ ಸುಬಿಮೆಂಡಿ ಸೇರಿಕೊಂಡರು.

ಈಗ 2024ರ ಜುಲೈ 14ಕ್ಕೆ ಬನ್ನಿ. ಬರ್ಲಿನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಯುರೋ ಫೈನಲ್. ಮಧ್ಯಂತರದಲ್ಲಿ ಗಾಯಗೊಂಡ ರೊಡ್ರಿ ಬದಲು ಸುಬಿಮೆಂಡಿ ಬಂದರು. ಸ್ಕೋರ್ 1-1 ಇದ್ದಾಗ, 86ನೇ ನಿಮಿಷದಲ್ಲಿ ಎಡಬದಿಯಿಂದ ಕುಕುರೆಯಾ ಕೊಟ್ಟ ಪಾಸ್‌ಗೆ ಒಯಾರ್ಸಾಬಾಲ್ ಜಾರಿ ಕಾಲು ಚಾಚಿದರು, ಗೋಲು. ಕೊನೆಗಳಿಗೆಯಲ್ಲಿ ಮಾರ್ಕ್ ಗುಯೇಹಿ ತಲೆಯಿಂದ ಹೊಡೆದ ಚೆಂಡನ್ನು ಗೋಲು ಗೆರೆಯ ಮೇಲೆ ನಿಂತಿದ್ದ ಓಲ್ಮೊ ತಲೆಕೊಟ್ಟು ಹೊರದಬ್ಬಿದರು. ಸುಬಿಮೆಂಡಿ, ಕುಕುರೆಯಾ, ಒಯಾರ್ಸಾಬಾಲ್, ಓಲ್ಮೊ: ನಾಲ್ವರೂ ಟೋಕಿಯೊದಲ್ಲಿ ಅದೇ ಕೋಚ್ ಕೈಕೆಳಗೆ ಆಡಿದವರು. ಹತ್ತು ದಿನದ ಶಿಬಿರಗಳಲ್ಲಿ ಕಟ್ಟಲಾಗದ ನಂಬಿಕೆಯನ್ನು ಡೆ ಲಾ ಫುಯೆಂಟೆ ಹತ್ತು ವರ್ಷಗಳಲ್ಲಿ ಮೊದಲೇ ಕಟ್ಟಿಟ್ಟಿದ್ದರು.

ಟೋಕಿಯೊದಲ್ಲಿ ಸ್ಪೇನ್ ಗೆದ್ದದ್ದು ಬೆಳ್ಳಿ. ಫೈನಲ್‌ನಲ್ಲಿ ಅವರನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದದ್ದು ಬ್ರೆಜಿಲ್! ಆ ಬ್ರೆಜಿಲ್ ತಂಡದ ಕೋಚ್ ಆಂದ್ರೆ ಜಾರ್ಡಿನಿ. ಬೆಳ್ಳಿ ಗೆದ್ದವರನ್ನು ಸ್ಪೇನ್ ಹಿರಿಯರ ತಂಡಕ್ಕೆ ಬಡ್ತಿ ಕೊಟ್ಟು ಕೂರಿಸಿತು. ಚಿನ್ನ ಗೆದ್ದ ಜಾರ್ಡಿನಿ ಮರುವರ್ಷ ಮೆಕ್ಸಿಕೊದ ಕ್ಲಬ್ ಸೇರಿ, ನಂತರ ಕ್ಲಬ್ ಅಮೆರಿಕಾ ತಂಡಕ್ಕೆ ಸತತ ಮೂರು ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. ಜಾರ್ಡಿನಿ ಬಂದಿದ್ದರೆ ಬ್ರೆಜಿಲ್ ಉದ್ಧಾರವಾಗುತ್ತಿತ್ತು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಒಕ್ಕೂಟಕ್ಕೆ ಕಿರಿಯರ ತಂಡ ಏಣಿಯ ಮೆಟ್ಟಿಲು, ಇನ್ನೊಂದಕ್ಕೆ ಅದು ಬೇರೆಯೇ ಇಲಾಖೆ. ಮುಂದಿನದೆಲ್ಲ ಈ ವ್ಯತ್ಯಾಸದಿಂದ ಹುಟ್ಟಿದ್ದು.

ಬ್ರೆಜಿಲ್‌ಗೆ ಸಮಯ ಸಾಲಲಿಲ್ಲ ಎನ್ನುವಂತಿಲ್ಲ. ವಿಶ್ವಕಪ್ ನಂತರ ಹೋಗುತ್ತೇನೆ ಎಂದು ಟಿಟೆ 2022ರ ಫೆಬ್ರುವರಿಯಲ್ಲೇ ತಿಳಿಸಿದ್ದರು. ಹುಡುಕಾಟಕ್ಕೆ ಹತ್ತು ತಿಂಗಳು ಸಿಕ್ಕಿತ್ತು. ಆದರೂ ಕುರ್ಚಿ ಖಾಲಿಯಾದಾಗ ಕೈಯಲ್ಲಿ ಹೆಸರಿರಲಿಲ್ಲ. 20 ವರ್ಷದೊಳಗಿನವರ ಕೋಚ್ ರಾಮೋನ್ ಮೆನೆಜೆಸ್ ಅವರನ್ನು ಹಂಗಾಮಿಯಾಗಿ ಕೂರಿಸಿದರು. ಮೊರಾಕೊ ಎದುರು 1-2, ಸೆನೆಗಲ್ ಎದುರು 2-4. ಅಷ್ಟರಲ್ಲಿ ಒಕ್ಕೂಟದ ಅಧ್ಯಕ್ಷ ಎಡ್ನಾಲ್ಡೊ ರೊಡ್ರಿಗಸ್ ಕಣ್ಣು ಕಾರ್ಲೊ ಆನ್ಸೆಲೊಟಿ ಮೇಲೆ ನೆಟ್ಟಿತ್ತು. ದಕ್ಷಿಣ ಅಮೆರಿಕದ ದೇಶಗಳ ಟೂರ್ನಿಯಾದ ಕೋಪಾ ಅಮೆರಿಕಾ 2024ರಲ್ಲಿ ನಡೆಯುವ ಹೊತ್ತಿಗೆ ಅವರು ಬರುತ್ತಾರೆ ಎಂದು ಅಧ್ಯಕ್ಷರು ಬಹಿರಂಗವಾಗಿಯೇ ಹೇಳಿದರು. ರಿಯಲ್ ಮ್ಯಾಡ್ರಿಡ್ ಜೊತೆ ಒಪ್ಪಂದದಲ್ಲಿದ್ದ ಆನ್ಸೆಲೊಟಿ ಮಾತ್ರ ತುಟಿ ಬಿಚ್ಚಲಿಲ್ಲ.

ಅವರು ಬರುವ ತನಕ ಜಾಗ ಕಾಯಲು ಫರ್ನಾಂಡೊ ಡಿನಿಜ್ ಬಂದರು, ಅದೂ ಫ್ಲೂಮಿನೆನ್ಸ್ ಕ್ಲಬ್‌ನ ಕೆಲಸ ಬಿಡದೆ. 2023ರ ನವೆಂಬರ್ 4ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಅವರು ಫ್ಲೂಮಿನೆನ್ಸ್‌ಗೆ ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಕಪ್ ಕೋಪಾ ಲಿಬರ್ಟಡೋರೆಸ್ ಗೆದ್ದುಕೊಟ್ಟು ಹೆಗಲ ಮೇಲೆ ಮೆರೆದರು. ಅದೇ ತಿಂಗಳ 21ರಂದು, ಅದೇ ಮರಕಾನಾದಲ್ಲಿ, ಬ್ರೆಜಿಲ್ ಅರ್ಜೆಂಟೀನಾ ಎದುರು 0-1ರಿಂದ ಸೋತಿತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಬ್ರೆಜಿಲ್ ತವರಿನಲ್ಲಿ ಸೋತದ್ದು ಇತಿಹಾಸದಲ್ಲೇ ಅದು ಮೊದಲು. ಉರುಗ್ವೆ, ಕೊಲಂಬಿಯಾ, ಅರ್ಜೆಂಟೀನಾ ಎಂದು ಸತತ ಮೂರನೇ ಸೋಲು. ಡಿಸೆಂಬರ್‌ನಲ್ಲಿ ರಿಯೊ ನ್ಯಾಯಾಲಯ ಅಧ್ಯಕ್ಷರನ್ನೇ ಪದಚ್ಯುತಗೊಳಿಸಿತು. ತಿಂಗಳ ಕೊನೆಗೆ ಆನ್ಸೆಲೊಟಿ ಮ್ಯಾಡ್ರಿಡ್ ಒಪ್ಪಂದ ವಿಸ್ತರಿಸಿಕೊಂಡರು. ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಮರಳಿದ ರೊಡ್ರಿಗಸ್, ಡಿನಿಜ್ ಅವರನ್ನು ಕಳಿಸಿ ಡೊರಿವಾಲ್ ಜೂನಿಯರ್ ಅವರನ್ನು ತಂದರು.

ಡೊರಿವಾಲ್ ಕಾಲದ ಒಂದು ದೃಶ್ಯ ಮೊಬೈಲ್‌ಗಳಲ್ಲಿ ಬಹಳ ಓಡಾಡಿತು. 2024ರ ಕೋಪಾ ಕ್ವಾರ್ಟರ್‌ಫೈನಲ್, ಉರುಗ್ವೆ ವಿರುದ್ಧ ಶೂಟೌಟ್‌ಗೆ ಮುಂಚಿನ ಕ್ಷಣಗಳು. ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ವೃತ್ತವಾಗಿ ನಿಂತಿದ್ದಾರೆ. ಕೋಚ್ ಆ ವೃತ್ತದ ಹೊರಗೆ ನಿಂತು ಮಾತಾಡಲು ಅವಕಾಶ ಹುಡುಕುತ್ತಿದ್ದಾರೆ. ಒಂದು ಕ್ಲಿಪ್‌ನಿಂದ ಯಾರ ಹಣೆಬರಹವನ್ನೂ ಓದಬಾರದು ನಿಜ, ಆದರೆ ಎರಡು ವರ್ಷದಲ್ಲಿ ಮೂರನೇ ಕೋಚ್ ಕಂಡ ತಂಡದಲ್ಲಿ ಅಧಿಕಾರ ಎಷ್ಟು ತೆಳ್ಳಗಿರುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ ಅನ್ನಿಸಿತು. ಬ್ರೆಜಿಲ್ ಸೋತಿತು. 2025ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾ 4-1ರಿಂದ ಬಡಿದ ಮೇಲೆ ಡೊರಿವಾಲ್ ಕೂಡ ಹೋದರು. ಮೇ 12ಕ್ಕೆ ಆನ್ಸೆಲೊಟಿ ಹೆಸರು ಪ್ರಕಟವಾಯಿತು. ಅದಾದ ಮೂರೇ ದಿನಕ್ಕೆ ನ್ಯಾಯಾಲಯ ರೊಡ್ರಿಗಸ್ ಅವರನ್ನು ಮತ್ತೆ ಕುರ್ಚಿಯಿಂದ ಇಳಿಸಿತು. ತಂದವರು ಹೋದರು, ಬಂದವರು ಉಳಿದರು. ಬ್ರೆಜಿಲ್ ಅರ್ಹತೆಯನ್ನೇನೋ ಪಡೆಯಿತು. ಆದರೆ ದಕ್ಷಿಣ ಅಮೆರಿಕದ ಪಟ್ಟಿಯಲ್ಲಿ ಐದನೇ ಸ್ಥಾನ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ನಿಲ್ಲಿಸಿ ಹಳದಿ ಅಂಗಿಗೆ ನಿಷ್ಠರಾಗಿರುವ ಜನಕ್ಕೆ ಈ ಅಂಕಪಟ್ಟಿ ಓದುವುದು ಸುಲಭವಾಗಿರಲಿಕ್ಕಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಬ್ರೆಜಿಲ್‌ನಲ್ಲಿ ಆಡಳಿತ ಕೆಟ್ಟಿತ್ತು, ಸ್ಪೇನ್‌ನಲ್ಲಿ ಚೆನ್ನಾಗಿತ್ತು ಎಂದು ಕಥೆ ಕಟ್ಟಿದರೆ ಸುಳ್ಳಾಗುತ್ತದೆ. ಸ್ಪೇನ್ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್ 2023ರ ಮಹಿಳಾ ವಿಶ್ವಕಪ್ ಪದಕ ಪ್ರದಾನದ ವೇಳೆ ಆಟಗಾರ್ತಿಯ ಸಮ್ಮತಿಯಿಲ್ಲದೆ ಮುತ್ತಿಟ್ಟು, ಜಗತ್ತಿನೆಲ್ಲೆಡೆ ಛೀಮಾರಿ ಹಾಕಿಸಿಕೊಂಡು ರಾಜೀನಾಮೆ ಕೊಟ್ಟರು. ರಾಜೀನಾಮೆ ಕೊಡುವುದಿಲ್ಲ ಎಂದು ಅವರು ಸಭೆಯಲ್ಲಿ ಗುಡುಗಿದಾಗ ಚಪ್ಪಾಳೆ ತಟ್ಟಿದವರಲ್ಲಿ ಡೆ ಲಾ ಫುಯೆಂಟೆಯೂ ಇದ್ದರು, ಆಮೇಲೆ ಕ್ಷಮೆ ಕೇಳಿದರು. ಮೇಲ್ಮಟ್ಟದ ಗೊಂದಲ ಎರಡೂ ಕಡೆ ಇತ್ತು. ಒಂದು ಕಡೆ ಕೆಳಗಿನ ವ್ಯವಸ್ಥೆ ತನ್ನ ಪಾಡಿಗೆ ನಡೆಯುತ್ತಿತ್ತು, ಇನ್ನೊಂದು ಕಡೆ ಎಲ್ಲವೂ ಅಧ್ಯಕ್ಷರ ಫೋನ್ ಕರೆಯ ಮೇಲೆ ನಿಂತಿತ್ತು.

ಅದೃಷ್ಟವನ್ನೂ ಲೆಕ್ಕದಿಂದ ಬಿಡಬಾರದು. ಡೆ ಲಾ ಫುಯೆಂಟೆ ತಮ್ಮ ಎರಡನೇ ಪಂದ್ಯದಲ್ಲೇ ಸ್ಕಾಟ್ಲೆಂಡ್ ಎದುರು 0-2ರಿಂದ ಸೋತಿದ್ದರು, 'ಇವರು ಸಾಕು' ಎಂಬ ಕೂಗು ಎದ್ದಿತ್ತು. 2023ರ ಜೂನ್‌ನಲ್ಲಿ ಯುರೋಪಿನ ದೇಶಗಳ ಇನ್ನೊಂದು ಟೂರ್ನಿಯಾದ ನೇಷನ್ಸ್ ಲೀಗ್‌ನ ಫೈನಲ್ ಕ್ರೊವೇಷ್ಯಾ ವಿರುದ್ಧ ಗೋಲಿಲ್ಲದೆ ಶೂಟೌಟ್‌ಗೆ ಹೋಯಿತು. ಉನಾಯ್ ಸಿಮೊನ್ ಎರಡು ಒದೆತ ತಡೆದರು, ಸ್ಪೇನ್ ಗೆದ್ದಿತು. ಆ ಎರಡರಲ್ಲಿ ಒಂದು ಪೆಟ್ಕೊವಿಚ್ ಅವರದು, ಬ್ರೆಜಿಲ್ ಕನಸು ಒಡೆದ ಅದೇ ಪೆಟ್ಕೊವಿಚ್. ಆ ಚೆಂಡು ಒಳಹೊಕ್ಕಿದ್ದರೆ ಸ್ಪೇನ್‌ನ 'ದೂರದೃಷ್ಟಿ'ಯನ್ನು ನಾವ್ಯಾರೂ ಹೊಗಳುತ್ತಿರಲಿಲ್ಲವೋ ಏನೋ.

ಟೂರ್ನಿಯ ಫಲಿತಾಂಶ ನೋಡಿ ಕೋಚ್‌ಗೆ ಅಂಕ ಕೊಡುವುದರ ತೊಂದರೆಯೇ ಇದು. ಮೂರರಿಂದ ಏಳೆಂಟು ಪಂದ್ಯ, ಅದರಲ್ಲಿ ಕೊನೆಯದು ಎಷ್ಟೋ ಸಲ ಶೂಟೌಟ್. ಇಷ್ಟು ಚಿಕ್ಕ ಮಾದರಿಯಿಂದ ಒಬ್ಬರ ನಾಲ್ಕು ವರ್ಷದ ಕೆಲಸವನ್ನು ಅಳೆಯುತ್ತೇವೆ. ತನ್ನ ಮಟ್ಟಕ್ಕಿಂತ ಕೆಳಗೆ ಆಡಿ ಹೊರಬಿದ್ದ ತಂಡ ಮುಂದಿನ ಕೆಲವು ಪಂದ್ಯಗಳಲ್ಲಿ ತಾನಾಗಿಯೇ ತನ್ನ ಮಟ್ಟಕ್ಕೆ ಮರಳುವ ಸಾಧ್ಯತೆ ಹೆಚ್ಚು. ಆ ಹೊತ್ತಿಗೆ ಹೊಸಬರು ಬಂದಿರುತ್ತಾರೆ, ಚೇತರಿಕೆಯ ಕೀರ್ತಿ ಅವರ ಖಾತೆಗೆ ಜಮೆಯಾಗುತ್ತದೆ. ಹೊಸ ಕೋಚ್‌ನ ಮೊದಲ ಆರು ತಿಂಗಳ ಗೆಲುವುಗಳನ್ನು ನಾನು ಅರ್ಧ ಬೆಲೆಗಷ್ಟೇ ಕೊಳ್ಳುತ್ತೇನೆ.

ಉಳಿಸಿಕೊಂಡವರ ಕಥೆ

ಹಾಗಾದರೆ ಬದಲಿಸದೇ ಇರುವುದು ಜಾಣತನವೇ? ಜರ್ಮನಿಯನ್ನು ಕೇಳಿ. 1926ರಲ್ಲಿ ರಾಷ್ಟ್ರೀಯ ಕೋಚ್ ಹುದ್ದೆ ಸೃಷ್ಟಿಯಾದ ಮೇಲೆ 97 ವರ್ಷ ಅಲ್ಲಿ ಯಾರನ್ನೂ ವಜಾ ಮಾಡಿರಲಿಲ್ಲ. ರಾಜೀನಾಮೆಗಳಿದ್ದವು, ಸದ್ದಿಲ್ಲದ ವಿದಾಯಗಳಿದ್ದವು, ವಜಾ ಎಂಬುದಿರಲಿಲ್ಲ. ಹೊಸಬರು ಬರುತ್ತಿದ್ದದ್ದೂ ಬಹಳ ಸಲ ಒಳಗಿನಿಂದಲೇ. ಒಟ್ಟೊ ನೆರ್ಜ್ ಸಹಾಯಕರಾಗಿದ್ದ ಸೆಪ್ ಹರ್ಬರ್ಗರ್, ಹರ್ಬರ್ಗರ್ ಸಹಾಯಕರಾಗಿದ್ದ ಹೆಲ್ಮುಟ್ ಶೋನ್, ಶೋನ್ ಸಹಾಯಕರಾಗಿದ್ದ ಯುಪ್ ಡೆರ್ವಾಲ್. ಮುಂದೆ ಕ್ಲಿನ್ಸ್‌ಮನ್ ಜೊತೆಗಿದ್ದ ಯೋಕಿಮ್ ಲೋವ್, ಲೋವ್ ಜೊತೆ 2014ರ ವಿಶ್ವಕಪ್ ಗೆದ್ದ ಹಾನ್ಸಿ ಫ್ಲಿಕ್. ಗುರುಶಿಷ್ಯ ಪರಂಪರೆ ಎಂದರೂ ಸಲ್ಲುತ್ತದೆ.

2022ರಲ್ಲಿ ಜರ್ಮನಿ ಸತತ ಎರಡನೇ ಸಲ ಗುಂಪು ಹಂತದಲ್ಲೇ ವಿಶ್ವಕಪ್‌ನಿಂದ ಹೊರಬಿತ್ತು. ತಂಡದ ನಿರ್ದೇಶಕ ಆಲಿವರ್ ಬಿಯರ್‌ಹಾಫ್ ಹೋದರು, ಫ್ಲಿಕ್ ಉಳಿದರು. ಒಂಬತ್ತು ತಿಂಗಳು ಕಳೆದು, ತವರಿನ ಯುರೋಗೆ ಇನ್ನು ಒಂಬತ್ತೇ ತಿಂಗಳಿರುವಾಗ, ವುಲ್ಫ್ಸ್‌ಬರ್ಗ್‌ನಲ್ಲಿ ಜಪಾನ್ 4-1ರಿಂದ ಸೋಲಿಸಿತು. ಮರುದಿನವೇ ಫ್ಲಿಕ್ ವಜಾ. ಪರಂಪರೆಯನ್ನು ನೆಚ್ಚಿಕೊಂಡು ಡಿಸೆಂಬರ್‌ನಲ್ಲಿ ತಳ್ಳಿಹಾಕಿದ ನಿರ್ಧಾರವನ್ನು ಸೆಪ್ಟೆಂಬರ್‌ನಲ್ಲಿ ಗಾಬರಿಯಿಂದ ತೆಗೆದುಕೊಂಡಂತಾಯಿತು. ಇಟಲಿಯಲ್ಲೂ ಹೆಚ್ಚುಕಡಿಮೆ ಇದೇ: 2024ರ ಯುರೋದಲ್ಲಿ ಸ್ವಿಟ್ಜರ್‌ಲೆಂಡ್ ಎದುರು ಮಂಕಾಗಿ ಸೋತ ಮೇಲೂ ಲುಚಾನೊ ಸ್ಪಲೆಟಿ ಉಳಿದರು. 2025ರ ಜೂನ್‌ನಲ್ಲಿ ನಾರ್ವೆ ಎದುರು 0-3 ಸೋತಾಗ ವಜಾ ಆದರು. ಆ ಸುದ್ದಿಯನ್ನು ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು ಸ್ವತಃ ಸ್ಪಲೆಟಿ. ಹೇಳಿದ ಮರುದಿನ ಮೊಲ್ಡೊವಾ ವಿರುದ್ಧದ ಪಂದ್ಯಕ್ಕೆ ಅವರೇ ಬೆಂಚಿನಲ್ಲಿ ಕೂತಿದ್ದರು.

ಅದೇ ಜಪಾನ್, ಜರ್ಮನಿಯನ್ನು ಎರಡು ಸಲ ಸೋಲಿಸಿದ ಜಪಾನ್, 2022ರಲ್ಲಿ ಕ್ರೊವೇಷ್ಯಾ ಎದುರು ಶೂಟೌಟ್‌ನಲ್ಲಿ ಹೊರಬಿದ್ದಿತ್ತು. ಹಾಜಿಮೆ ಮೊರಿಯಾಸು ಅವರನ್ನು ಒಕ್ಕೂಟ ಉಳಿಸಿಕೊಂಡಿತು. 2026ರ ವಿಶ್ವಕಪ್‌ಗೆ ಆತಿಥೇಯರನ್ನು ಬಿಟ್ಟರೆ ಮೊದಲು ಅರ್ಹತೆ ಪಡೆದದ್ದು ಅವರ ತಂಡವೇ. ಸೆನೆಗಲ್ ಕೂಡ 2019ರ ಆಫ್ರಿಕಾ ಕಪ್ ಫೈನಲ್ ಸೋತ ಮೇಲೆ ಅಲಿಯು ಸಿಸ್ಸೆ ಅವರನ್ನು ಬಿಡಲಿಲ್ಲ, ಮುಂದಿನ ಕಪ್ ಗೆದ್ದಿತು. ಉಳಿಸಿಕೊಂಡು ಕೆಟ್ಟವರೂ ಉಂಟು, ಉಳಿಸಿಕೊಂಡು ಗೆದ್ದವರೂ ಉಂಟು.

ನನ್ನ ವಾದಕ್ಕೆ ಹೆಚ್ಚು ಇರುಸುಮುರುಸು ತರುವುದು ಅರ್ಜೆಂಟೀನಾ. 2018ರ ವಿಶ್ವಕಪ್ ಪ್ರೀಕ್ವಾರ್ಟರ್‌ನಲ್ಲಿ ಫ್ರಾನ್ಸ್‌ಗೆ 3-4ರಿಂದ ಸೋತು ಹೋರ್ಹೆ ಸಂಪಾವೊಲಿ ಹೋದಾಗ ಅಲ್ಲಿ ಯಾವ ಯೋಜನೆಯೂ ಇರಲಿಲ್ಲ. ಅವರ ಸಿಬ್ಬಂದಿಯಲ್ಲಿದ್ದ, ಯಾವ ಹಿರಿಯರ ತಂಡಕ್ಕೂ ಮುಖ್ಯ ಕೋಚ್ ಆಗಿರದ ಲಿಯೊನೆಲ್ ಸ್ಕಲೋನಿಯನ್ನು ತಾತ್ಕಾಲಿಕವಾಗಿ ಕೂರಿಸಿದರು. ಟ್ರಾಫಿಕ್ ನಿಭಾಯಿಸಲೂ ಬಾರದವರು ಎಂದು ಮರಡೋನ ಲೇವಡಿ ಮಾಡಿದ್ದರು. 2021ರ ಕೋಪಾ, 2022ರ ವಿಶ್ವಕಪ್, 2024ರ ಕೋಪಾ, ಮೂರನ್ನೂ ಆ ಹಂಗಾಮಿ ಕೋಚ್ ಗೆದ್ದರು. ಇದನ್ನು ದೂರದೃಷ್ಟಿ ಎನ್ನಲಾಗದು. ಆದರೆ ಸ್ಕಲೋನಿಯೂ ಒಳಗಿನವರೇ, ಆ ಆಟಗಾರರನ್ನು ಹತ್ತಿರದಿಂದ ನೋಡಿದವರೇ. 2019ರ ಕೋಪಾ ಸೆಮಿಫೈನಲ್‌ನಲ್ಲಿ ಸೋತಾಗ ಅವರನ್ನು ಕಳಿಸದೇ ಇದ್ದದ್ದು ಒಕ್ಕೂಟ ಬುದ್ಧಿಪೂರ್ವಕವಾಗಿ ಮಾಡಿದ ಒಂದೇ ಕೆಲಸ, ಅದೇ ದೊಡ್ಡದಾಯಿತು.

ಐವರಿ ಕೋಸ್ಟ್‌ನದು ಇನ್ನೂ ವಿಚಿತ್ರ. 2024ರ ಜನವರಿಯಲ್ಲಿ ತವರಿನಲ್ಲೇ ಆಫ್ರಿಕಾ ಕಪ್. ಈಕ್ವಟೋರಿಯಲ್ ಗಿನಿ ಎದುರು 0-4. ತಂಡ ಇನ್ನೂ ಟೂರ್ನಿಯಲ್ಲಿ ಉಳಿಯುತ್ತದೆಯೇ ಎಂಬುದು ಬೇರೆ ಗುಂಪುಗಳ ಫಲಿತಾಂಶದ ಮೇಲೆ ನಿಂತಿದ್ದಾಗಲೇ ಕೋಚ್ ಜಾನ್ ಲೂಯಿ ಗಾಸೆ ಹೋದರು. ಫ್ರಾನ್ಸ್ ಮಹಿಳಾ ತಂಡದ ಕೋಚ್ ಹರ್ವೆ ರೆನಾರ್ ಅವರನ್ನು ಕೆಲವು ದಿನಕ್ಕೆ ಕಡ ಕೊಡಿ ಎಂದು ಕೇಳಿದರು, ಫ್ರಾನ್ಸ್ ಒಪ್ಪಲಿಲ್ಲ. ಕೊನೆಗೆ ಸಹಾಯಕ ಎಮರ್ಸ್ ಫಾಯೆ ಜವಾಬ್ದಾರಿ ಹೊತ್ತರು. ಮೂರನೇ ಸ್ಥಾನದ ತಂಡಗಳ ಕೋಟಾದಲ್ಲಿ ಹೇಗೋ ನುಸುಳಿದ ಐವರಿ ಕೋಸ್ಟ್ ಕಪ್ ಎತ್ತಿತು. ಇದನ್ನು ಮಾದರಿ ಎಂದು ಯಾರಾದರೂ ಹಿಡಿದುಕೊಂಡರೆ ದೇವರೇ ಕಾಪಾಡಬೇಕು: 1998ರ ವಿಶ್ವಕಪ್ ನಡುವೆಯೇ ಸೌದಿ ಅರೇಬಿಯಾ, ದಕ್ಷಿಣ ಕೊರಿಯಾ, ಟ್ಯುನೀಶಿಯಾ ತಮ್ಮ ಕೋಚ್‌ಗಳನ್ನು ಮನೆಗೆ ಕಳಿಸಿದ್ದವು, ಮೂವರಲ್ಲಿ ಒಬ್ಬರೂ ಗುಂಪು ಹಂತ ದಾಟಲಿಲ್ಲ. ಟೂರ್ನಿಗೆ ಮೊದಲೇ ಕೋಚ್ ಬದಲಿಸುವ ಚಾಳಿಗೆ ಬಲಿಯಾದವರಲ್ಲಿ ವಾಹಿದ್ ಹಲಿಲ್‌ಹೋಜಿಚ್ ಅವರನ್ನು ಮೀರಿಸಿದವರಿಲ್ಲ. 2010ರಲ್ಲಿ ಐವರಿ ಕೋಸ್ಟ್, 2018ರಲ್ಲಿ ಜಪಾನ್, 2022ರಲ್ಲಿ ಮೊರಾಕೊ, ಮೂರನ್ನೂ ವಿಶ್ವಕಪ್‌ಗೆ ಅರ್ಹಗೊಳಿಸಿದರು. ಮೂರೂ ಕಡೆ ವಿಶ್ವಕಪ್‌ಗೆ ಮೊದಲೇ ಕೆಲಸ ಕಳೆದುಕೊಂಡರು.

ಹಣದ ಮಾತು ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ. ಒಬ್ಬ ಕೋಚ್ ಉಳಿದರು ಎಂದರೆ ನಂಬಿಕೆಯಿಂದಲೇ ಉಳಿಸಿಕೊಂಡರು ಎಂದೇನಿಲ್ಲ. 2010ರ ವಿಶ್ವಕಪ್‌ಗೆ ಕೆಲವೇ ದಿನ ಮುಂಚೆ ಇಂಗ್ಲೆಂಡ್ ಒಕ್ಕೂಟ, ಟೂರ್ನಿ ಬಳಿಕ ಎರಡೂ ಕಡೆಯವರು ಬಿಟ್ಟುಹೋಗಬಹುದೆಂಬ ಷರತ್ತನ್ನು ಫಾಬಿಯೊ ಕಪೆಲೊ ಒಪ್ಪಂದದಿಂದ ತೆಗೆಸಿತು. ತಂಡ ಜರ್ಮನಿ ಎದುರು 1-4ರಿಂದ ಸೋತಾಗ, ಕಪೆಲೊ ಅವರನ್ನು ಕಳಿಸುವುದಾದರೆ ಉಳಿದ ಎರಡು ವರ್ಷದ ಲೆಕ್ಕ ಚುಕ್ತಾ ಮಾಡಬೇಕಿತ್ತು. ಅವರು ಉಳಿದರು. ಆಫ್ರಿಕಾದ ಹಲವು ದೇಶಗಳಲ್ಲಿ ಸಂಬಳ ಕೊಡುವುದು ಸರ್ಕಾರ, ಹಾಗಾಗಿ ನೇಮಕ ಯಾರದ್ದು ಎಂಬುದೇ ಜಗಳ. 2024ರಲ್ಲಿ ಕ್ಯಾಮರೂನ್ ಕ್ರೀಡಾ ಸಚಿವಾಲಯ ಮಾರ್ಕ್ ಬ್ರೈಸ್ ಅವರನ್ನು ನೇಮಿಸಿದಾಗ ಸಾಮ್ಯುಯೆಲ್ ಎಟೊ ಅಧ್ಯಕ್ಷರಾಗಿದ್ದ ಒಕ್ಕೂಟ ತನ್ನನ್ನು ಕೇಳಿಯೇ ಇಲ್ಲ ಎಂದು ತಿರುಗಿಬಿತ್ತು.

ನಮ್ಮ ಕಡೆಯ ಲೆಕ್ಕ

ಭಾರತಕ್ಕೆ ವಿಶ್ವಕಪ್ ದೂರ. ನಮ್ಮ ದೊಡ್ಡ ಟೂರ್ನಿ ಎಂದರೆ ಏಷ್ಯಾ ಕಪ್. 2019ರ ಜನವರಿ 14ರಂದು ಶಾರ್ಜಾದಲ್ಲಿ ಬಹರೇನ್ ವಿರುದ್ಧ ಡ್ರಾ ಸಾಕಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಬಿಟ್ಟುಕೊಟ್ಟ ಪೆನಾಲ್ಟಿಯಿಂದ ಸೋತೆವು. ಪಂದ್ಯದ ನಂತರದ ಪತ್ರಿಕಾಗೋಷ್ಠಿಯಲ್ಲೇ ಸ್ಟೀಫನ್ ಕಾನ್‌ಸ್ಟಂಟೈನ್ ರಾಜೀನಾಮೆ ಹೇಳಿ ಎದ್ದರು. ಹೊಸ ಕೋಚ್ ಇಗೊರ್ ಸ್ಟಿಮಾಚ್ ಬರಲು ಮೇ ತಿಂಗಳಾಯಿತು.

ಸ್ಟಿಮಾಚ್ ಬೆಂಗಳೂರಿನವರಿಗೆ ಚೆನ್ನಾಗಿ ನೆನಪಿರಬೇಕು. ದಕ್ಷಿಣ ಏಷ್ಯಾ ದೇಶಗಳ 2023ರ ಸ್ಯಾಫ್ ಚಾಂಪಿಯನ್‌ಷಿಪ್ ನಡೆದದ್ದು ಕಂಠೀರವ ಕ್ರೀಡಾಂಗಣದಲ್ಲಿ. ಪಾಕಿಸ್ತಾನದ ಆಟಗಾರ ಥ್ರೋ ಎಸೆಯಲು ಹೊರಟಾಗ ಚೆಂಡಿಗೆ ಕೈಹಾಕಿ ಕೆಂಪು ಕಾರ್ಡ್ ತಿಂದರು, ಕುವೈತ್ ವಿರುದ್ಧ ಇನ್ನೊಂದು ತಿಂದರು. ಫೈನಲ್‌ನಲ್ಲಿ ಕುವೈತ್ ಅನ್ನು ಶೂಟೌಟ್‌ನಲ್ಲಿ ಮಣಿಸಿ ಭಾರತ ಕಪ್ ಗೆದ್ದಿತು, ಫಿಫಾ ಪಟ್ಟಿಯಲ್ಲಿ ಮೊದಲ ನೂರರೊಳಗೆ ಬಂತು. ಆ ಹುರುಪಿನಲ್ಲಿ ಅಕ್ಟೋಬರ್‌ನಲ್ಲಿ ಅವರ ಒಪ್ಪಂದ 2026ರವರೆಗೆ ವಿಸ್ತರಣೆಯಾಯಿತು. ಮೂರೇ ತಿಂಗಳಲ್ಲಿ ಏಷ್ಯಾ ಕಪ್: ಮೂರು ಪಂದ್ಯ, ಮೂರು ಸೋಲು, ಒಂದು ಗೋಲೂ ಇಲ್ಲ. ಆಗಲೂ ಉಳಿದರು. ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದಾಗ ವಜಾ. ಪರಿಹಾರದ ಜಗಳ ಕೊನೆಗೆ 4 ಲಕ್ಷ ಡಾಲರ್ ಕೊಟ್ಟು ಮುಗಿಯಿತು. ದೊಡ್ಡ ಟೂರ್ನಿಗೆ ಮೂರು ತಿಂಗಳು ಮುಂಚೆ ಒಪ್ಪಂದ ವಿಸ್ತರಿಸುವ ಆತುರ ಯಾಕಿತ್ತು ಎಂಬ ಪ್ರಶ್ನೆಗೆ ಒಕ್ಕೂಟದಿಂದ ತೃಪ್ತಿಕರ ಉತ್ತರ ಬಂದದ್ದನ್ನು ನಾನು ಓದಿಲ್ಲ.

ಮುಂದೆ ಬಂದ ಮನೋಲೊ ಮಾರ್ಕೆಸ್, ಬ್ರೆಜಿಲ್‌ನ ಡಿನಿಜ್ ಹಾಗೆ ಎರಡು ದೋಣಿ ಮೇಲೆ ಕಾಲಿಟ್ಟವರು, ಎಫ್‌ಸಿ ಗೋವಾ ಕೆಲಸದ ಜೊತೆಗೇ ಭಾರತ. ಎಂಟು ಪಂದ್ಯ, ಒಂದು ಗೆಲುವು. ನಿವೃತ್ತಿ ಘೋಷಿಸಿದ್ದ ಸುನಿಲ್ ಚೆಟ್ರಿಯನ್ನು ಮತ್ತೆ ಕರೆತರಬೇಕಾಯಿತು. 2025ರ ಮಧ್ಯದಲ್ಲಿ ಮಾರ್ಕೆಸ್ ಕೂಡ ಹೋದಾಗ ಜಾಹೀರಾತು ಕೊಟ್ಟು ಅರ್ಜಿ ಕರೆದರು. ಜಗತ್ಪ್ರಸಿದ್ಧ ಕೋಚ್‌ಗಳಾದ ಕ್ಸಾವಿ ಮತ್ತು ಗಾರ್ಡಿಯೊಲಾ ಹೆಸರಿನಲ್ಲೂ ಇಮೇಲ್ ಬಂತು, ದಿನವಿಡೀ ಸುದ್ದಿಯಾಯಿತು, ಅವು ಅಸಲಿಯಲ್ಲ ಎಂದು ಒಕ್ಕೂಟವೇ ಹೇಳಿಕೆ ಕೊಡಬೇಕಾಯಿತು.

ಇದೇ ದೇಶದಲ್ಲಿ ಬೇರೊಂದು ರೀತಿಯೂ ಇತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 1-10ರಿಂದ ಸೋತಿತ್ತು. ಇವತ್ತಾಗಿದ್ದರೆ ವಿಮಾನ ಇಳಿಯುವ ಮೊದಲೇ ಕೋಚ್ ಕೆಲಸ ಹೋಗಿರುತ್ತಿತ್ತು. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್ ಉಳಿದರು. ಬರಿಗಾಲಲ್ಲಿ ಆಡುವ ಪದ್ಧತಿ ಹೋಗಿ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ.

2025ರ ಆಗಸ್ಟ್‌ನಲ್ಲಿ ಒಕ್ಕೂಟ ಖಾಲಿದ್ ಜಮೀಲ್ ಅವರನ್ನು ಆರಿಸಿತು. ಐಜ್ವಾಲ್ ಕ್ಲಬ್‌ಗೆ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದುಕೊಟ್ಟವರು, ದಶಕಕ್ಕೂ ಹೆಚ್ಚು ಕಾಲದ ನಂತರ ಈ ಹುದ್ದೆಗೆ ಬಂದ ಮೊದಲ ಭಾರತೀಯ. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರ ಎದುರು ಸೋತು 2027ರ ಏಷ್ಯಾ ಕಪ್ ದಾರಿ ಮುಚ್ಚಿತು. ಅದಕ್ಕೆ ಒಂದು ತಿಂಗಳು ಮುಂಚೆ 23 ವರ್ಷದೊಳಗಿನವರ ತಂಡ ಬಹರೇನ್ ಅನ್ನು ಸೋಲಿಸಿ, ಕತಾರ್ ಎದುರು 1-2ರಿಂದ ಸೋತು ಸ್ವಲ್ಪದರಲ್ಲೇ ಏಷ್ಯಾ ಮಟ್ಟದ ಅರ್ಹತೆ ತಪ್ಪಿಸಿಕೊಂಡಿತ್ತು. ಅದರ ಕೋಚ್ ನೌಶಾದ್ ಮೂಸಾ, ಬೆಂಗಳೂರು ಎಫ್‌ಸಿಯ ಕಿರಿಯರನ್ನು ಬೆಳೆಸಿ, 2021ರಲ್ಲಿ ಹಂಗಾಮಿಯಾಗಿ ಆ ಕ್ಲಬ್‌ನ ಮುಖ್ಯ ತಂಡವನ್ನೂ ನೋಡಿಕೊಂಡವರು. ಹಿರಿಯರ ತಂಡದ ಕುರ್ಚಿ ಮುಂದೊಂದು ದಿನ ಖಾಲಿಯಾದಾಗ ಒಕ್ಕೂಟ ಮತ್ತೆ ಅರ್ಜಿ ಕರೆದು ಇಮೇಲ್ ಎಣಿಸುತ್ತದೆಯೇ, ಅಥವಾ ಆ 23ರ ಹುಡುಗರನ್ನು ಬಲ್ಲವರನ್ನು ಮೊದಲು ಕೇಳುತ್ತದೆಯೇ ಎಂದು ನೋಡಬೇಕು.